ಮೆಕ್ಸಿಕೋದ ಓರೆಗಾನೊ: ಹೆಸರು ಒಂದೇ, ಗಿಡ ಬೇರೆ, ಕೆಲಸವೂ ಬೇರೆ

ತಂಗಿ ಟೆಕ್ಸಾಸ್‌ನಿಂದ ಬಂದಾಗ ಒಂದು ಸಣ್ಣ ಪೊಟ್ಟಣ ತಂದಿದ್ದಳು. ಒಳಗೆ ಬೂದು ಹಸಿರು ಬಣ್ಣದ ಒಣ ಎಲೆ, ನಡುನಡುವೆ ಕಡ್ಡಿ. "ಇದು ಮೆಕ್ಸಿಕೋದ ಓರೆಗಾನೊ ಕಣೇ. ಪಿಜ್ಜಾ ಜೊತೆ ಕೊಡ್ತಾರಲ್ಲ, ಅದಲ್ಲ" ಅಂದಳು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಉಜ್ಜಿದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಕೈ ಹತ್ತಿರ ಎಳೆದುಕೊಂಡು ಮೂಸಿದರು. "ಓಮದ ಥರ ಇದೆಯಲ್ಲೇ" ಅಂದರು. ಇನ್ನೊಂದು ಸಲ ಮೂಸಿ, "ಸ್ವಲ್ಪ ನಿಂಬೆ ಸಿಪ್ಪೆನೂ ಇದೆ" ಅಂದರು.

ಅಮ್ಮನ ಮೂಗು ಎರಡೂ ಸಲ ಸರಿಯಾಗಿಯೇ ಹೇಳಿತ್ತು. ಪಿಜ್ಜಾ ಓರೆಗಾನೊದಲ್ಲಿ ಆ ನಿಂಬೆಯ ಗುರುತು ಸಿಗುವುದಿಲ್ಲ. ಅದರಲ್ಲಿರುವುದು ಪುದೀನದ ಕಡೆಗೆ ವಾಲುವ ಸಿಹಿ ಘಮ. ಮೆಕ್ಸಿಕೋದ ಅಡುಗೆ ಮಾಡಲು ಹೊರಟವರು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅಡುಗೆ ಕೆಡುವುದಿಲ್ಲ, ನಿಜ. ಆದರೆ ಅದು ಬೇರೆ ಊರಿನ ಅಡುಗೆ ಆಗಿಬಿಡುತ್ತದೆ. ಯಾಕೆ ಹಾಗಾಗುತ್ತದೆ ಅಂತ ತಿಳಿದುಕೊಂಡರೆ ನಾವೇ ಮಸಾಲೆ ಬೆರೆಸಿ ನೋಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಮೂರು ಗಿಡ, ಒಂದು ಹೆಸರು

ಪಿಜ್ಜಾ ಮೇಲೆ ಉದುರಿಸುವ ಓರೆಗಾನೊ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಊರುಗಳದ್ದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಒರಿಗಾನಮ್ ವಲ್ಗೇರ್. ನಮ್ಮ ತುಳಸಿ, ಪುದೀನ ಇರುವ ಕುಟುಂಬಕ್ಕೇ ಸೇರಿದ್ದು. ಮೆಕ್ಸಿಕೋದ ಓರೆಗಾನೊ ಅದಕ್ಕೆ ಹತ್ತಿರದ ನೆಂಟ ಅಲ್ಲ. ಅದು ಲಿಪ್ಪಿಯಾ ಗ್ರೇವಿಯೊಲೆನ್ಸ್, ವರ್ಬಿನೇಸಿ ಕುಟುಂಬದ್ದು. ಗ್ರೇವಿಯೊಲೆನ್ಸ್ ಅಂದರೆ ಲ್ಯಾಟಿನ್‌ನಲ್ಲಿ ಗಾಢ ವಾಸನೆಯದ್ದು ಅಂತ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಕಾಡನ್ನೇ ಮುತ್ತಿಕೊಂಡಿರುವ ಲಂಟಾನ ಇದೆಯಲ್ಲ, ಅದೂ ಇದೇ ಕುಟುಂಬದ ಗಿಡ. ಅದರ ತವರೂ ಅಮೆರಿಕ ಖಂಡವೇ. ಲಂಟಾನದ ಎಲೆ ಹಿಸುಕಿದಾಗ ಮೂಗಿಗೆ ಬಡಿಯುವ ಘಾಟು ನೆನಪಿದ್ದರೆ ಈ ಕುಟುಂಬದ ಗುಣ ಸ್ವಲ್ಪ ಅಂದಾಜಾಗುತ್ತದೆ. ಆದರೆ ಲಂಟಾನ ವಿಷ, ಅದನ್ನು ಬಾಯಿಗೆ ಹಾಕಬಾರದು.

ಹಾಗಾದರೆ ಒಂದೇ ಹೆಸರು ಹೇಗೆ ಬಂತು? 1519ರಲ್ಲಿ ಸ್ಪೇನ್‌ನ ದಂಡನಾಯಕ ಕೊರ್ಟೆಸ್ ಮೆಕ್ಸಿಕೋದ ಕರಾವಳಿಯಲ್ಲಿ ಇಳಿದ. ಅವನ ಹಿಂದೆ ಬಂದ ಸ್ಪೇನ್‌ನವರಿಗೆ ಅಲ್ಲಿನ ಗಿಡಮೂಲಿಕೆಗಳು ಹೊಸವು. ಈ ಎಲೆಯನ್ನು ಮೂಸಿದಾಗ ತಮ್ಮ ಊರಿನ ಓರೆಗಾನೊ ನೆನಪಾಯಿತು, ಅದೇ ಹೆಸರಿಟ್ಟರು. ನಾವೂ ಇದನ್ನೇ ಮಾಡಿದ್ದೇವೆ. ಪೋರ್ಚುಗೀಸರ ಜೊತೆ ಅಮೆರಿಕದಿಂದ ಒಂದು ಖಾರದ ಕಾಯಿ ಬಂತು. ಅಲ್ಲಿವರೆಗೆ ನಮಗೆ ಖಾರ ಅಂದರೆ ಮುಖ್ಯವಾಗಿ ಮೆಣಸು. ಹಾಗಾಗಿ ಹೊಸದಕ್ಕೆ ಮೆಣಸಿನಕಾಯಿ ಅಂದೆವು. ಮೆಣಸಿಗೂ ಮೆಣಸಿನಕಾಯಿಗೂ ಗಿಡದ ಲೆಕ್ಕದಲ್ಲಿ ಯಾವ ಸಂಬಂಧವೂ ಇಲ್ಲ, ನಾಲಿಗೆಯ ಲೆಕ್ಕದಲ್ಲಿ ಮಾತ್ರ ಇದೆ. ಓರೆಗಾನೊ ಕೂಡ ಹಾಗೇ, ಗಿಡಕ್ಕಿಂತ ಹೆಚ್ಚಾಗಿ ಒಂದು ಘಮದ ಹೆಸರು.

ಮೂರನೆಯದು ನಮ್ಮ ದೊಡ್ಡಪತ್ರೆ. ಕೆಲವು ಕಡೆ ಸಾಂಬಾರು ಸೊಪ್ಪು ಅಂತಲೂ ಕರೆಯುತ್ತಾರೆ. "ಓರೆಗಾನೊ ಅಂದ್ರೆ ದೊಡ್ಡಪತ್ರೆನೇ" ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಅದೂ ಬೇರೆ ಗಿಡ. ಇಂಗ್ಲಿಷ್‌ನಲ್ಲಿ ಕ್ಯೂಬನ್ ಓರೆಗಾನೊ, ಮೆಕ್ಸಿಕನ್ ಮಿಂಟ್ ಅಂತೆಲ್ಲ ಹೆಸರು ಪಡೆದಿರುವುದರಿಂದ ಗೊಂದಲ ಇನ್ನೂ ಜಾಸ್ತಿಯಾಗಿದೆ. ಆದರೆ ಹಾಗೆ ಹೇಳುವವರ ಮೂಗೂ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಕಾರಣ ಎಲೆಯೊಳಗಿನ ಎಣ್ಣೆ.

ಆ ಎಣ್ಣೆಯಲ್ಲಿ ಏನಿದೆ

ಈ ಎಲೆಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ, ಅವುಗಳೊಳಗೆ ಸುಗಂಧದ ಎಣ್ಣೆ ಇದೆ. ಅದರಲ್ಲಿ ಮುಖ್ಯವಾದವು ಥೈಮಾಲ್ ಮತ್ತು ಕಾರ್ವಕ್ರಾಲ್. ಇವೆರಡೂ ಅವಳಿ ಇದ್ದ ಹಾಗೆ. ಎರಡರಲ್ಲೂ 10 ಇಂಗಾಲ, 14 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಒಂದು ತುಣುಕು ಅಂಟಿಕೊಂಡಿರುವ ಜಾಗ ಮಾತ್ರ ಬೇರೆ. ಓಮ ಅಗಿದಾಗ ಬಾಯಿ ಜುಮ್ಮೆನ್ನುವುದು ಥೈಮಾಲ್‌ನಿಂದ. ದೊಡ್ಡಪತ್ರೆ ತಂಬುಳಿ ಕುಡಿದಾಗ ಗಂಟಲಲ್ಲಿ ಬೆಚ್ಚಗಾಗುವುದರಲ್ಲಿ ಕಾರ್ವಕ್ರಾಲ್‌ನ ಪಾಲು ದೊಡ್ಡದು. ಬಿಸಿಯನ್ನು ಗುರುತಿಸುವ ನಮ್ಮ ನರಗಳನ್ನೇ ಇದು ಮುಟ್ಟುತ್ತದೆ. ತಣ್ಣಗಿನ ತಂಬುಳಿಯೂ ಬೆಚ್ಚಗೆ ಅನ್ನಿಸುವುದು ಅದಕ್ಕೇ.

ಓಮ, ದೊಡ್ಡಪತ್ರೆ, ಯುರೋಪಿನ ಓರೆಗಾನೊ, ಮೆಕ್ಸಿಕೋದ ಓರೆಗಾನೊ ಎಲ್ಲದರಲ್ಲೂ ಈ ಅವಳಿಗಳಲ್ಲಿ ಒಬ್ಬರಾದರೂ ಇದ್ದಾರೆ. ಹಾಗಾಗಿ ಮೂಗಿಗೆ ಎಲ್ಲವೂ ಒಂದೇ ಮನೆಯವು ಅನ್ನಿಸುತ್ತದೆ. ಬೇರೆ ಮಾಡುವುದು ಜೊತೆಗಿರುವ ಹಗುರ ವಸ್ತುಗಳು. ಮೆಕ್ಸಿಕೋದ ಎಲೆಯಲ್ಲಿ ಲಿಮೊನೀನ್, ಸಿನಿಯೋಲ್ ಥರದವು ಸ್ವಲ್ಪ ಸ್ವಲ್ಪ ಸೇರಿರುತ್ತವೆ. ಲಿಮೊನೀನ್ ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿ ಇರುವಂಥದ್ದೇ.

ಎಲ್ಲ ಮೆಕ್ಸಿಕನ್ ಓರೆಗಾನೊವೂ ಒಂದೇ ಥರ ಇರುವುದಿಲ್ಲ ಅನ್ನುವುದನ್ನೂ ತಿಳಿದಿರಬೇಕು. ಅದೇ ಗಿಡ ಕೆಲವು ಕಡೆ ಕಾರ್ವಕ್ರಾಲ್ ಜಾಸ್ತಿ ಮಾಡುತ್ತದೆ, ಕೆಲವು ಕಡೆ ಥೈಮಾಲ್, ಇನ್ನು ಕೆಲವು ಕಡೆ ಎರಡೂ ಕಡಿಮೆ. ಮಣ್ಣು, ಮಳೆ, ಗಿಡದ ತಳಿ ಎಲ್ಲದರ ಪಾಲೂ ಇದರಲ್ಲಿದೆ. ಒಂದು ಪೊಟ್ಟಣದಲ್ಲಿ ಸರಿಹೋದ ಅಳತೆ ಮುಂದಿನ ಪೊಟ್ಟಣದಲ್ಲಿ ಜಾಸ್ತಿಯಾಗಬಹುದು. ಪ್ರತಿ ಸಲ ಹೊಸ ಪೊಟ್ಟಣ ಒಡೆದಾಗ ಮೊದಲು ಉಜ್ಜಿ ಮೂಸಿ ನೋಡಿ ಅನ್ನುವುದು ಇದಕ್ಕೇ.

ಗಿಡದಿಂದ ತಟ್ಟೆಗೆ

ಮೆಕ್ಸಿಕೋದ ಒಣ ಪ್ರದೇಶಗಳಲ್ಲಿ, ಅಂದರೆ ಚಿವಾವಾ, ದುರಾಂಗೊ, ಸಕಾಟೆಕಾಸ್, ಹಲಿಸ್ಕೊ, ಕೆರೆಟಾರೊ, ತಮೌಲಿಪಾಸ್ ಕಡೆಗಳಲ್ಲಿ ಇದು ಪೊದೆಯಾಗಿ ಬೆಳೆಯುತ್ತದೆ. ಆಳೆತ್ತರಕ್ಕೂ ಬರುತ್ತದೆ. ಹೆಚ್ಚಿನ ಪಾಲು ಇವತ್ತಿಗೂ ಹೊಲದ ಬೆಳೆಯಲ್ಲ. ಮಳೆಗಾಲದಲ್ಲಿ ಚಿಗುರಿದಾಗ ಹಳ್ಳಿಯ ಜನ ಗುಡ್ಡಗಳಿಗೆ ಹೋಗಿ ಕೊಂಬೆ ಕೊಯ್ದು ತರುತ್ತಾರೆ. ಬಿಸಿಲಲ್ಲಿ ಒಣಗಿಸಿ, ಬಡಿದು ಎಲೆ ಉದುರಿಸಿ, ಜರಡಿ ಹಿಡಿದು ಕಡ್ಡಿ ಬೇರೆ ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ಎಲೆಯೂ ಕಡಿಮೆ, ಅವರ ಸಂಪಾದನೆಯೂ ಕಡಿಮೆ.

ಅಲ್ಲಿನ ಅಡುಗೆಯಲ್ಲಿ ಇದರ ಜಾಗ ನೋಡಬೇಕಾದರೆ ಪೊಸೊಲೆ ನೋಡಬೇಕು. ಸುಣ್ಣದ ನೀರಲ್ಲಿ ಬೇಯಿಸಿ ಸಿಪ್ಪೆ ತೆಗೆದ ದಪ್ಪ ಮೆಕ್ಕೆಜೋಳವನ್ನು ಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿದ ಸಾರು ಅದು. ಬಟ್ಟಲು ಮುಂದೆ ಬಂದ ಮೇಲೆ ಪಕ್ಕದಲ್ಲಿ ಸಣ್ಣ ಸಣ್ಣ ತಟ್ಟೆಗಳು ಬರುತ್ತವೆ. ಮೂಲಂಗಿ, ಈರುಳ್ಳಿ, ಎಲೆಕೋಸು ಅಥವಾ ಲೆಟಿಸ್, ನಿಂಬೆ ಹೋಳು, ಮೆಣಸಿನಕಾಯಿ ಪುಡಿ, ಮತ್ತು ಒಣ ಓರೆಗಾನೊ. ತಿನ್ನುವವರೇ ಒಂದು ಚಿಟಿಕೆ ತೆಗೆದುಕೊಂಡು, ಎರಡು ಅಂಗೈ ನಡುವೆ ಉಜ್ಜಿ, ಬಿಸಿ ಸಾರಿನ ಮೇಲೆ ಉದುರಿಸಿಕೊಳ್ಳುತ್ತಾರೆ. ಉಜ್ಜಿದಾಗ ಆ ಗ್ರಂಥಿಗಳು ಒಡೆಯುತ್ತವೆ. ಎಣ್ಣೆ ಹೊರಗೆ ಬರುವುದು ಆ ಗಳಿಗೆಯಲ್ಲೇ. ಸಾರಿನ ಮೇಲೆ ತೇಲುವ ಕೊಬ್ಬು ಅದನ್ನು ಹಿಡಿದುಕೊಳ್ಳುತ್ತದೆ. ನಿಂಬೆಯ ಹುಳಿ ಅದನ್ನು ಎತ್ತಿ ತೋರಿಸುತ್ತದೆ. ಇಷ್ಟೆಲ್ಲ ಒಂದು ಚಿಟಿಕೆಯ ಕೆಲಸ.

ಯುಕಾಟಾನ್ ಕಡೆ ಇದೇ ಎಲೆ ಕೆಂಪು ರೆಕಾಡೊ ಅನ್ನುವ ಗಟ್ಟಿ ಮಸಾಲೆಗೆ ಹೋಗುತ್ತದೆ. ಅಚಿಯೋಟೆ ಅನ್ನುವ ಕೆಂಪು ಬೀಜ, ಆಲ್‌ಸ್ಪೈಸ್ ಅನ್ನುವ ಮೆಣಸಿನಂಥ ಒಣ ಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಲವಂಗ ಎಲ್ಲ ಅರೆದು, ಹುಳಿ ಕಿತ್ತಳೆ ರಸದಲ್ಲಿ ಕಲಸಿ, ಹಂದಿ ಮಾಂಸಕ್ಕೆ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಅಚಿಯೋಟೆ, ಆಲ್‌ಸ್ಪೈಸ್, ಓರೆಗಾನೊ ಅಮೆರಿಕದವು. ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯ ಕಾಳು. ಜೀರಿಗೆ, ಲವಂಗ, ಬೆಳ್ಳುಳ್ಳಿ, ಕಿತ್ತಳೆ ಎಲ್ಲವೂ ಸಮುದ್ರ ದಾಟಿ ಹೋದವು. ಮೆಕ್ಸಿಕೋದ ಮಸಾಲೆಯೇ ಒಂದು ದೊಡ್ಡ ಪ್ರಯೋಗದ ಫಲ.

ಒಗ್ಗರಣೆಗೆ ಹಾಕಬೇಡಿ

ನಮ್ಮ ಕೈಗೆ ಒಗ್ಗರಣೆಯ ಅಭ್ಯಾಸ. ನಾನೂ ಮೊದಲ ಸಲ ಕಾದ ಎಣ್ಣೆಗೆ ಎಲೆ ಹಾಕಿದೆ. ಎರಡೇ ಸೆಕೆಂಡಿನಲ್ಲಿ ಕಪ್ಪಾಯಿತು, ಇಡೀ ಪಲ್ಯ ಕಹಿಯಾಯಿತು. ಸಾಸಿವೆ, ಜೀರಿಗೆಗೆ ಗಟ್ಟಿ ಹೊದಿಕೆ ಇದೆ, ಕಾದ ಎಣ್ಣೆ ತಡೆಯುತ್ತವೆ. ಕರಿಬೇವಿನಲ್ಲಿ ನೀರಿದೆ. ಈ ಎಲೆ ತೆಳು, ಒಣಗಿದ್ದು, ತಡೆಯುವುದಕ್ಕೆ ಏನೂ ಇಲ್ಲ. ಎಣ್ಣೆಯಲ್ಲೇ ಬಿಡಬೇಕೆಂದಿದ್ದರೆ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ.

ಮೆಕ್ಸಿಕೋದಲ್ಲಿ ಕಾವಲಿಯ ಮೇಲೆ ಇದನ್ನು ಬೆಚ್ಚಗೆ ಮಾಡುವ ರೂಢಿ ಇದೆ. ಅಲ್ಲಿನ ಕಾವಲಿಗೆ ಕೊಮಾಲ್ ಅನ್ನುತ್ತಾರೆ. ಉರಿ ಸಣ್ಣದಿರಬೇಕು, 10ರಿಂದ 15 ಸೆಕೆಂಡು ಸಾಕು. ಘಮ ಮೂಗಿಗೆ ಬಂತೋ, ತಕ್ಷಣ ತಟ್ಟೆಗೆ ಸುರಿಯಿರಿ. ಕಾವಲಿಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀದುಹೋಗುತ್ತದೆ.

ಯಾವಾಗ ಹಾಕಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಇದಕ್ಕೆ ಮನೆಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು. ರಾಜ್ಮಾ ಬೇಯಿಸಿ, ಉಪ್ಪು ಮತ್ತು ಒಂದು ಚಮಚ ಎಣ್ಣೆ ಬಿಟ್ಟರೆ ಬೇರೇನೂ ಹಾಕಬೇಡಿ. ಮೂರು ಪಾಲು ಮಾಡಿ. ಒಂದಕ್ಕೆ ಓರೆಗಾನೊ ಹಾಕಿ 20 ನಿಮಿಷ ಕುದಿಸಿ. ಇನ್ನೊಂದಕ್ಕೆ ಇಳಿಸಿದ ಮೇಲೆ ಉಜ್ಜಿ ಹಾಕಿ. ಮೂರನೆಯದಕ್ಕೆ ಕಾವಲಿಯಲ್ಲಿ ಬೆಚ್ಚಗೆ ಮಾಡಿದ್ದನ್ನು ಹಾಕಿ. ಹತ್ತು ನಿಮಿಷ ಮುಚ್ಚಿಟ್ಟು ರುಚಿ ನೋಡಿ. ನಮ್ಮ ಮನೆಯಲ್ಲಿ ಕುದಿಸಿದ್ದರಲ್ಲಿ ನಿಂಬೆಯ ಘಮ ಹೋಗಿ, ಓಮದಂಥ ದಪ್ಪ ರುಚಿ ಮಾತ್ರ ಕಾಳಿನೊಳಗೆ ಇಳಿದಿತ್ತು. ಉಜ್ಜಿ ಹಾಕಿದ್ದು ಮೂಗಿಗೆ ಚುರುಕಾಗಿತ್ತು. ಬೆಚ್ಚಗೆ ಮಾಡಿದ್ದು ಎರಡರ ನಡುವೆ.

ಕಾರಣ ಸರಳ. ಲಿಮೊನೀನ್ ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ, ಥೈಮಾಲ್ ಸುಮಾರು 232 ಡಿಗ್ರಿಯಲ್ಲಿ. ನೀರಿನ ಆವಿಯ ಜೊತೆ ಎರಡೂ ಹಾರುತ್ತವೆ, ಆದರೆ ಹಗುರವಾದದ್ದು ಮೊದಲು ಹೊರಡುತ್ತದೆ. ಹಾಗಾಗಿ ನಾನು ಈಗ ಎರಡು ಸಲ ಹಾಕುತ್ತೇನೆ. ಮುಕ್ಕಾಲು ಪಾಲು ಬೇಯುವಾಗ, ಕಾಲು ಪಾಲು ಇಳಿಸುವಾಗ.

ಮೂರು ಚಮಚದ ತಪ್ಪು

ಅಮೆರಿಕಕ್ಕೆ ಹೋದ ಹೊಸದರಲ್ಲಿ ತಂಗಿ ಒಂದು ಪಾಕವಿಧಾನ ನೋಡಿ ಬೀನ್ಸ್ ಚಿಲಿ, ಅಂದರೆ ರಾಜ್ಮಾದಂಥ ಕಾಳಿನ ಖಾರದ ಅಡುಗೆ, ಮಾಡಿದಳು. ಅದರಲ್ಲಿ ಮೂರು ದೊಡ್ಡ ಚಮಚ ಚಿಲಿ ಪೌಡರ್ ಅಂತ ಇತ್ತು. ಊರಿಂದ ಒಯ್ದಿದ್ದ ಗುಂಟೂರು ಮೆಣಸಿನ ಖಾರದ ಪುಡಿಯನ್ನೇ ಮೂರು ಚಮಚ ಹಾಕಿದಳು. ಯಾರ ಕೈಲೂ ತಿನ್ನಲು ಆಗಲಿಲ್ಲ. ಇದು ಅವಳ ತಪ್ಪಲ್ಲ, ಹೆಸರಿನ ತಪ್ಪು.

ಅಮೆರಿಕದ ಅಂಗಡಿಯಲ್ಲಿ ಚಿಲಿ ಪೌಡರ್ ಅಂದರೆ ಸಾಮಾನ್ಯವಾಗಿ ಬೆರೆಸಿದ ಮಸಾಲೆ. ಖಾರ ಕಡಿಮೆ ಇರುವ ಮೆಣಸಿನಕಾಯಿ, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ, ಎಷ್ಟೋ ಸಲ ಉಪ್ಪು ಕೂಡ. ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ವಿಲಿಯಂ ಗೆಬ್‌ಹಾರ್ಟ್ ಅನ್ನುವ ಜರ್ಮನ್ ವಲಸಿಗ 1890ರ ದಶಕದಲ್ಲಿ ಇದನ್ನು ಸೀಸೆಯಲ್ಲಿ ತುಂಬಿ ಮಾರಲು ಶುರುಮಾಡಿದ ಮೊದಲಿಗರಲ್ಲಿ ಒಬ್ಬ. ನಮ್ಮ ಸಾರಿನ ಪುಡಿಯನ್ನು ಯಾರೋ ಬರೀ ಖಾರದ ಪುಡಿ ಅಂತ ಕರೆದರೆ ಎಂಥ ಗೊಂದಲವಾಗುತ್ತದೋ, ಇದೂ ಅಂಥದ್ದೇ.

ಇದನ್ನು ಮನೆಯಲ್ಲಿ ಬೆರೆಸುವುದಕ್ಕೆ ನಮಗೆ ಒಂದು ದೊಡ್ಡ ಅನುಕೂಲ ಇದೆ. ಅದು ಬ್ಯಾಡಗಿ ಮೆಣಸಿನಕಾಯಿ. ಮೆಕ್ಸಿಕೋದ ಗ್ವಹಿಯೊ ಮೆಣಸಿನಕಾಯಿ ಮತ್ತು ಬ್ಯಾಡಗಿ ಎರಡೂ ಒಂದೇ ಸಸ್ಯ ಜಾತಿಯ ತಳಿಗಳು. ಎರಡಕ್ಕೂ ಬಣ್ಣ ಜಾಸ್ತಿ, ಖಾರ ಹದವಾದದ್ದು. ಬ್ಯಾಡಗಿ ಹಾಕಿದರೆ ಕೈತುಂಬ ಹಾಕಬಹುದು, ಅದೇ ಮುಖ್ಯ. ಆಂಚೊ ಅನ್ನುವ ಇನ್ನೊಂದು ಮೆಣಸಿನಕಾಯಿಗೆ ಒಣದ್ರಾಕ್ಷಿಯಂಥ ಸಿಹಿ ಇದೆ, ಅದು ಬ್ಯಾಡಗಿಯಲ್ಲಿ ಸಿಗುವುದಿಲ್ಲ. ಅರೆಯುವ ಮಸಾಲೆಯಾದರೆ ನಾನು ನಾಲ್ಕೈದು ಒಣದ್ರಾಕ್ಷಿ ಸೇರಿಸುತ್ತೇನೆ.

ಬೀಜ ತೆಗೆದು ಬೆಚ್ಚಗೆ ಹುರಿದ ಬ್ಯಾಡಗಿ 30 ಗ್ರಾಂ, ಹುರಿದ ಜೀರಿಗೆ 8 ಗ್ರಾಂ, ಬೆಳ್ಳುಳ್ಳಿ ಪುಡಿ 5 ಗ್ರಾಂ, ಓರೆಗಾನೊ 4 ಗ್ರಾಂ, ಮೆಣಸು 2 ಗ್ರಾಂ. ಇದು ನಮ್ಮ ಮನೆಯಲ್ಲಿ ನಿಂತ ಅಳತೆ. ಉಪ್ಪು ಬೇಡ, ಅದು ಅಡುಗೆಗೆ ಹಾಕುವಾಗಲೇ ಬರಲಿ. ಉಪ್ಪು ಬೆರೆತ ಪುಡಿಯಲ್ಲಿ ಘಮ ಸಾಲದು ಅಂತ ಜಾಸ್ತಿ ಹಾಕಲು ಹೋದರೆ ಉಪ್ಪೂ ಏರುತ್ತದೆ.

ಚಮಚದ ಬದಲು ತೂಕ ಯಾಕೆ ಅಂತ ಕೇಳಬಹುದು. ಒಣ ಎಲೆ ಗಾಳಿಯಂಥದ್ದು. ಒಂದು ಟೀ ಚಮಚ ಎಲೆ ಸುಮಾರು 1 ಗ್ರಾಂ ತೂಗಿದರೆ, ಅದೇ ಚಮಚದಲ್ಲಿ ನುಣ್ಣಗಿನ ಪುಡಿ ಸುಮಾರು 1.8 ಗ್ರಾಂ ಹಿಡಿಯುತ್ತದೆ. ಚಮಚ ಲೆಕ್ಕ ನಂಬಿ ಎಲೆಯ ಜಾಗದಲ್ಲಿ ಪುಡಿ ಹಾಕಿದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಥೈಮಾಲ್ ಇರುವ ವಸ್ತು ಎರಡರಷ್ಟಾದರೆ ಅಡುಗೆಗೆ ಔಷಧಿಯ ವಾಸನೆ ಬರುತ್ತದೆ.

ಒಂದು ಸಲಕ್ಕೆ ಒಂದೇ ಬದಲು

ಪುಡಿ ಬೆರೆಸುವುದು ನಮಗೆ ಹೊಸದಲ್ಲ. ಪ್ರತಿ ಮನೆಯ ಸಾರಿನ ಪುಡಿ ಬೇರೆ ಬೇರೆ. ಅಮ್ಮನಿಗೆ ಕೊತ್ತಂಬರಿ ಬೀಜ ಮೈ ಕೊಡುತ್ತದೆ, ಮೆಂತ್ಯ ಕೊನೆಗೆ ನಿಲ್ಲುವ ಕಹಿ ಕೊಡುತ್ತದೆ, ಜೀರಿಗೆ ಘಮ ಕೊಡುತ್ತದೆ ಅಂತ ಪುಸ್ತಕ ಓದದೆ ಗೊತ್ತು. ಮೆಕ್ಸಿಕೋದ ಪುಡಿಯನ್ನೂ ಹಾಗೇ ಬಿಡಿಸಿ ನೋಡಬಹುದು. ಮೆಣಸಿನಕಾಯಿ ಮೈ ಮತ್ತು ಬಣ್ಣ. ಜೀರಿಗೆ ಕೆಳಗಿನ ಮಣ್ಣಿನಂಥ ಗಾಢ ರುಚಿ. ಓರೆಗಾನೊ ಮೇಲಿನ ಹಸಿರು, ನಿಂಬೆಯ ಅಂಚು. ಬೆಳ್ಳುಳ್ಳಿ ಇವನ್ನೆಲ್ಲ ಕೂಡಿಸುತ್ತದೆ. ಲವಂಗ ಒಂದೆರಡು ಸಾಕು, ಮೂರನೆಯದು ಹಾಕಿದರೆ ಅದೇ ಮುಂದೆ ಬಂದು ನಿಲ್ಲುತ್ತದೆ.

ಯಾವುದು ಯಾವ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮೊದಲಿಗೆ ನಾನು ಒಟ್ಟಿಗೆ ಮೂರು ಬದಲಾಯಿಸುತ್ತಿದ್ದೆ. ರುಚಿ ಚೆನ್ನಾದರೂ ಯಾಕೆ ಚೆನ್ನಾಯಿತು ಅಂತ ಗೊತ್ತಾಗುತ್ತಿರಲಿಲ್ಲ, ಮತ್ತೆ ಮಾಡಲೂ ಬರುತ್ತಿರಲಿಲ್ಲ. ಈಗ ಒಂದು ಬಟ್ಟಲು ಮೂಲ ಅಳತೆಯದ್ದು, ಪಕ್ಕದಲ್ಲಿ ಒಂದು ಬದಲಾಯಿಸಿದ್ದು. 10 ಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ ಮಾಡಿದರೆ ಸಾಮಾನೂ ಹಾಳಾಗುವುದಿಲ್ಲ. ಪುಡಿಯನ್ನು ಸುಮ್ನೆ ನಾಲಿಗೆಗೆ ಹಾಕಿ ನೋಡಬೇಡಿ, ಒಣ ಪುಡಿ ಪೂರ್ತಿ ರುಚಿ ಬಿಡುವುದಿಲ್ಲ. ಬೆಚ್ಚಗಿನ ಎಣ್ಣೆಯಲ್ಲಿ ಕಲಸಿ, ಬೇಯಿಸಿದ ಆಲೂಗಡ್ಡೆಗೆ ಹಚ್ಚಿ, ಒಂದು ತೊಟ್ಟು ನಿಂಬೆ ಹಿಂಡಿ ನೋಡಿ. ಥೈಮಾಲ್, ಕಾರ್ವಕ್ರಾಲ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತವೆ. ಬೆರೆಸಿದ ದಿನಕ್ಕಿಂತ ಮರುದಿನದ ರುಚಿ ಹೆಚ್ಚು ನಂಬಿಕೆಯದ್ದು, ಆದ್ದರಿಂದ ತೀರ್ಪು ಕೊಡುವ ಮುಂಚೆ ಒಂದು ರಾತ್ರಿ ಬಿಡಿ. ಮತ್ತೆ ಬರೆದಿಡಿ, ತಾರೀಕಿನ ಸಮೇತ.

ಸಿಗದಿದ್ದರೆ

ಮೆಕ್ಸಿಕೋದ ಎಲೆ ಇಲ್ಲದಿದ್ದರೆ ನಾನು ಮಾಡುವುದು ಇದು. ಯುರೋಪಿನ ಓರೆಗಾನೊ ಒಂದು ಟೀ ಚಮಚ, ಜಜ್ಜಿದ ಓಮ ನಾಲ್ಕೈದು ಕಾಳು, ತುರಿದ ನಿಂಬೆ ಸಿಪ್ಪೆ ಒಂದು ಚಿಟಿಕೆ. ಸಿಪ್ಪೆಯ ಬಿಳಿ ಭಾಗ ಸೇರಬಾರದು, ಅದು ಕಹಿ. ಇದು ಅದೇ ಆಗುವುದಿಲ್ಲ, ಆದರೆ ಹತ್ತಿರ ಬರುತ್ತದೆ. ಓಮ ಜಾಸ್ತಿಯಾದರೆ ಬಜ್ಜಿಯ ನೆನಪಾಗುತ್ತದೆ, ಎಚ್ಚರ.

ದೊಡ್ಡಪತ್ರೆ ಒಣಗಿಸಿ ಪುಡಿ ಮಾಡಲು ಹೋಗಿ ನಾನು ಸೋತಿದ್ದೇನೆ. ಆ ಎಲೆ ದಪ್ಪ, ತುಂಬ ನೀರು. ಒಣಗುವಷ್ಟರಲ್ಲಿ ಕಪ್ಪಾಗಿ ಘಮ ಹೋಗಿರುತ್ತದೆ. ಅದನ್ನು ಹಸಿಯಾಗಿಯೇ, ಸಣ್ಣಗೆ ಹೆಚ್ಚಿ ಬೀನ್ಸ್‌ಗೆ ಕೊನೆಯಲ್ಲಿ ಹಾಕಿದರೆ ಚೆನ್ನಾಗಿರುತ್ತದೆ. ಲಿಪ್ಪಿಯಾ ಒಣ ನಾಡಿನ ಗಿಡ, ಎಲೆಯಲ್ಲಿ ನೀರು ಕಡಿಮೆ, ಅದಕ್ಕೇ ಒಣಗಿದ ಮೇಲೂ ಎಣ್ಣೆ ಉಳಿಸಿಕೊಳ್ಳುತ್ತದೆ. ಕೊತ್ತಂಬರಿ ಸೊಪ್ಪು ಒಣಗಿದರೆ ಹುಲ್ಲಾಗುತ್ತದೆ, ಇದು ಆಗುವುದಿಲ್ಲ.

ಕೊಳ್ಳುವಾಗ ಪುಡಿಗಿಂತ ಎಲೆಯನ್ನೇ ಆರಿಸಿ. 2015ರಲ್ಲಿ ಬ್ರಿಟನ್ನಿನಲ್ಲಿ ಅಂಗಡಿಗಳಿಂದ ಮತ್ತು ಆನ್‌ಲೈನ್‌ನಿಂದ ತಂದ ಓರೆಗಾನೊ ಪರೀಕ್ಷಿಸಿದಾಗ ಸುಮಾರು ಕಾಲು ಭಾಗ ಮಾದರಿಗಳಲ್ಲಿ ಆಲಿವ್, ಮಿರ್ಟಲ್ ಗಿಡಗಳ ಎಲೆ ಬೆರೆತಿತ್ತು. ನುಣ್ಣಗೆ ಪುಡಿಯಾದ ಮೇಲೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಇಡೀ ಎಲೆಯಾದರೆ ಕಣ್ಣಿಗೂ ಮೂಗಿಗೂ ಕೆಲಸ ಇರುತ್ತದೆ. ಗಾಜಿನ ಡಬ್ಬಿಯಲ್ಲಿ, ಒಲೆಯಿಂದ ದೂರ, ಬೆಳಕು ಬೀಳದ ಕಡೆ ಇಟ್ಟರೆ ಒಂದು ವರ್ಷ ಚೆನ್ನಾಗಿರುತ್ತದೆ.

ಪೊಟ್ಟಣದಲ್ಲಿ ಬಂದ ಕಡ್ಡಿಗಳನ್ನು ಆರಿಸಿ ಬಿಸಾಡಬೇಡಿ. ಪುಡಿಗೆ ಹಾಕಿದರೆ ಹಲ್ಲಿಗೆ ಸಿಗುತ್ತವೆ, ಅಷ್ಟೇ ತೊಂದರೆ. ಅವುಗಳಿಗೆ ಅಂಟಿದ ಸಣ್ಣ ಹೂವಿನ ಮೊಗ್ಗುಗಳಲ್ಲೂ ಘಮ ಇರುತ್ತದೆ. ನಾನು ಒಂದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಳು ಬೇಯುವಾಗಲೇ ಪಾತ್ರೆಗೆ ಬಿಡುತ್ತೇನೆ. ಬಡಿಸುವ ಮುಂಚೆ ಸೌಟಿನಿಂದ ಒತ್ತಿ ಹಿಂಡಿ, ಗಂಟು ತೆಗೆಯುತ್ತೇನೆ.